ಜ್ವರಕ್ಕೆ ರಕ್ತದ ಗುಂಪಿನ ಭೇದ ಉಂಟೇ?

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ವಲಯಗಳ ಸ್ವಸಹಾಯ ಸಂಘಗಳ ಸದಸ್ಯರಿಗೆ ನೀಡಿದ ಮಾಹಿತಿಯ ಸಾರಾಂಶ)



ಮಳೆಗಾಲ ಬಂತೆಂದರೆ ನಮ್ಮ ಸಂಘದ ಸಭೆಗಳಲ್ಲಿ ಉಳಿತಾಯ, ಸಾಲದ ಮಾತಿನ ನಡುವೆ ಜ್ವರದ ಮಾತೂ ಬರುತ್ತದೆ. "ನನ್ನದು ಓ ಗುಂಪು, ನನಗೆ ಜ್ವರ ಜೋರಾಗುವುದಿಲ್ಲವಂತೆ" ಎನ್ನುವವರಿದ್ದಾರೆ. "ನಮ್ಮ ಮನೆಯವರದ್ದು ಎ ಗುಂಪು, ಹೆದರಿಕೆ ಆಗ್ತದೆ" ಎನ್ನುವವರೂ ಇದ್ದಾರೆ. ಇದರಲ್ಲಿ ನಿಜ ಎಷ್ಟು?

ಮಾತು ಪೂರ್ತಿ ಸುಳ್ಳಲ್ಲ. 2020ರಲ್ಲಿ ಇಟಲಿ ಮತ್ತು ಸ್ಪೇನಿನ ಕೊರೊನಾ ರೋಗಿಗಳನ್ನು ಪರೀಕ್ಷಿಸಿದಾಗ, ಎ ಗುಂಪಿನವರಿಗೆ ಉಸಿರಾಟದ ತೊಂದರೆ ಸ್ವಲ್ಪ ಹೆಚ್ಚು, ಓ ಗುಂಪಿನವರಿಗೆ ಸ್ವಲ್ಪ ಕಡಿಮೆ ಎಂದು ಕಂಡುಬಂತು. ಆದರೆ ನಂತರದ ಕೆಲವು ಅಧ್ಯಯನಗಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಶ್ವಾಸಕೋಶದ ಕಾಯಿಲೆ ಇವೇ ದೊಡ್ಡ ಕಾರಣಗಳು. ಓ ಗುಂಪಿನವರೂ ಕೊರೊನಾದಿಂದ ತೀರಿಕೊಂಡಿದ್ದಾರೆ.

ನಮ್ಮ ಊರಿನ ಅನುಭವವನ್ನೇ ನೋಡೋಣ. 1982–83ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಮಂಗನ ಕಾಯಿಲೆ ಹಬ್ಬಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಹಿರಿಯರಿಗೆ ಇದು ನೆನಪಿರಬಹುದು. ಕಾಯಿಲೆ ಹೆಚ್ಚಾಗಿ ಹಿಡಿದದ್ದು ಕಾಡು ಕಡಿಯಲು, ಸೌದೆ, ಸೊಪ್ಪು ತರಲು ಹೋದವರನ್ನು. ಕಚ್ಚುವ ಉಣ್ಣಿ ಯಾರ ಗುಂಪನ್ನೂ ಕೇಳುವುದಿಲ್ಲ.

ಡೆಂಗ್ಯೂ ಕೂಡಾ ಹಾಗೆಯೇ. ಇದರ ವೈರಸ್‌ನಲ್ಲಿ 4 ಬಗೆಗಳಿವೆ. ಹಿಂದೆ ಒಂದು ಬಗೆ ಬಂದವರಿಗೆ ಇನ್ನೊಂದು ಬಗೆ ಬಂದರೆ ಕಾಯಿಲೆ ತೀವ್ರವಾಗುವ ಸಂಭವ ಹೆಚ್ಚು. ಹಾಗಾಗಿ "ಒಮ್ಮೆ ಬಂದು ಹೋಗಿದೆ, ಇನ್ನು ಬರಲಿಕ್ಕಿಲ್ಲ" ಎಂದು ಕೂರಬಾರದು. ಜ್ವರ ಇಳಿದ ಮೇಲೆ ಹೊಟ್ಟೆನೋವು, ಬಿಡದೆ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ವೈದ್ಯರನ್ನು ಕೇಳದೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬಾರದು. ಕೆಲವು ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚುತ್ತದೆ.

ನಮ್ಮ ಕೈಯಲ್ಲಿ ಇರುವುದು ಬೇರೆಯೇ ಇದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಮರದ ಗೆರಟೆ, ಅಂಗಳದ ಹಳೆ ಟಯರು, ಇವುಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲೋಣ. ಕಾಡಿಗೆ ಹೋಗುವಾಗ ಮೈ ಮುಚ್ಚುವ ಬಟ್ಟೆ ಹಾಕಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡೋಣ.

ಹಾಗಾದರೆ ರಕ್ತದ ಗುಂಪು ತಿಳಿದು ಏನು ಪ್ರಯೋಜನ? ಹೆರಿಗೆ, ಅಪಘಾತ, ಶಸ್ತ್ರಚಿಕಿತ್ಸೆಯ ಹೊತ್ತಿಗೆ ಅದು ಬೇಕು. 18ರಿಂದ 65 ವರ್ಷದೊಳಗಿನ, 45 ಕಿಲೋಗಿಂತ ಕಡಿಮೆ ತೂಕವಿಲ್ಲದ ಆರೋಗ್ಯವಂತರು ರಕ್ತದಾನ ಮಾಡಬಹುದು. ಪ್ರತಿ ಸಂಘದ ಪುಸ್ತಕದಲ್ಲಿ ಸದಸ್ಯರ ಮನೆಯವರ ರಕ್ತದ ಗುಂಪು ಬರೆದಿಡೋಣ. ನಮ್ಮ ಗುಂಪು ನಮ್ಮನ್ನು ಕಾಯುತ್ತದೆ ಎಂದು ಕೂರುವ ಬದಲು, ಅದರಿಂದ ನೆರೆಮನೆಯವರ ಜೀವ ಉಳಿಸೋಣ.