ನೇರ ಪ್ರಸಾರದ ಕೃಷಿ ಉಪನ್ಯಾಸಕ್ಕೆ ಗಣಕಯಂತ್ರವನ್ನು ಅಣಿಗೊಳಿಸುವ ಬಗೆ

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ರೈತರ ಸಭೆಯಲ್ಲಿ ಮಾಡಿದ ಭಾಷಣ)



1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ಕೃಷಿ ಭಾಷಣ ಕೇಳಲು ರೇಡಿಯೋದ ತಿರುಪು ತಿರುಗಿಸಿದರೆ ಸಾಕಾಗುತ್ತಿತ್ತು. ಇಂದು ವಿಜ್ಞಾನಿಗಳ ಉಪನ್ಯಾಸಗಳು ಅಂತರ್ಜಾಲದ ಮೂಲಕವೂ ನೇರವಾಗಿ ಬರುತ್ತವೆ. ಅಡಿಕೆಯ ಎಲೆಚುಕ್ಕಿ ರೋಗದ ಮಾತು ನಡೆಯುತ್ತಿರುವಾಗಲೇ ನಮ್ಮ ತೋಟದ ಪ್ರಶ್ನೆಯನ್ನು ಬರೆದು ಕೇಳಬಹುದೆಂಬುದೇ ಇದರ ದೊಡ್ಡ ಲಾಭ. ಮುದ್ರಿತ ವೀಡಿಯೋವನ್ನು ಮರುದಿನವೂ ನೋಡಬಹುದು, ಆದರೆ ಅದು ಪ್ರಶ್ನೆಗೆ ಉತ್ತರ ಕೊಡದು. ಹೀಗಿದ್ದರೂ ಹೊತ್ತಿಗೆ ಸರಿಯಾಗಿ ಗಣಕಯಂತ್ರದ ಗುಂಡಿ ಒತ್ತಿ, ಅದು ತಯಾರಾಗುವಷ್ಟರಲ್ಲಿ ಅರ್ಧ ಉಪನ್ಯಾಸ ಮುಗಿಯುವುದನ್ನು ಅನೇಕ ಕಡೆ ಕಾಣುತ್ತೇವೆ.

ಬೋರ್ಡೋ ದ್ರಾವಣವನ್ನು ಬೆರೆಸಿದ ಕೂಡಲೇ ಮರಕ್ಕೆ ಬಿಡುವುದಿಲ್ಲವಷ್ಟೆ. ಹೊಳಪಿನ ಕಬ್ಬಿಣದ ಚೂರಿಯನ್ನು ಅದ್ದಿ, ಅದಕ್ಕೆ ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸುತ್ತೇವೆ. ಗಣಕಯಂತ್ರಕ್ಕೂ ಹಿಂದಿನ ದಿನವೇ ಅಂಥ ಪರೀಕ್ಷೆ ಬೇಕು. ಕಾರ್ಯಕ್ರಮ ಎಷ್ಟು ಗಂಟೆಗಿದೆಯೋ ಅದೇ ಹೊತ್ತಿನಲ್ಲಿ, ಅದೇ ಜಾಗದಲ್ಲಿ ಕುಳಿತು, ಯೂಟ್ಯೂಬಿನ ಯಾವುದಾದರೂ ಹಳೆಯ ವೀಡಿಯೋವನ್ನು ಹದಿನೈದು ನಿಮಿಷ ಓಡಿಸಿ ನೋಡಿರಿ.

ಸಿಡಿಲಿನ ಭಯದಿಂದ ತಿಂಗಳುಗಟ್ಟಲೆ ಪ್ಲಗ್ಗು ಕಿತ್ತಿಟ್ಟ ಯಂತ್ರಗಳಲ್ಲಿ ಒಂದು ವಿಚಿತ್ರ ತೊಂದರೆ ಬರುವುದುಂಟು. ಒಳಗಿರುವ ನಾಣ್ಯದಂತಹ ಸಣ್ಣ ಬ್ಯಾಟರಿ ಸತ್ತು, ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಪ್ರತಿಯೊಂದು ಪುಟವೂ ಸುರಕ್ಷಿತವಲ್ಲವೆಂದು ಎಚ್ಚರಿಕೆ ತೋರಿಸುತ್ತದೆ. ಅಂತರ್ಜಾಲವೇ ಕೆಟ್ಟಿತೆಂದು ಗಾಬರಿಯಾಗುವ ಮೊದಲು ದಿನಾಂಕ, ಗಂಟೆಗಳನ್ನು ಸರಿಪಡಿಸಬೇಕು. ಆ ಬ್ಯಾಟರಿಗೆ ತಗಲುವ ವೆಚ್ಚ ಅಲ್ಪ.

ಬಹುದಿನ ಮುಚ್ಚಿಟ್ಟಿದ್ದ ಯಂತ್ರವು ತೆರೆದೊಡನೆ ತನಗೆ ಬೇಕಾದ ಹೊಸ ತಿದ್ದುಪಡಿಗಳನ್ನೆಲ್ಲ ತಾನೇ ಇಳಿಸಿಕೊಳ್ಳತೊಡಗುತ್ತದೆ. ಹಸಿದ ದನ ಹಟ್ಟಿಯಿಂದ ಬಿಟ್ಟಂತೆಯೇ! ವೀಡಿಯೋಗೆ ಬೇಕಾದ ವೇಗವನ್ನು ಅದೇ ತಿಂದುಬಿಡುತ್ತದೆ. ಆದುದರಿಂದ ಹಿಂದಿನ ರಾತ್ರಿಯೇ ಆ ಕೆಲಸ ಮುಗಿಯಲು ಬಿಡಿರಿ. ಕ್ರೋಮ್ ಬ್ರೌಸರಿನ ಹೊಸ ಆವೃತ್ತಿಗಳು 2023ರಿಂದ ವಿಂಡೋಸ್ 7ಕ್ಕೆ ದೊರೆಯುತ್ತಿಲ್ಲ. ಅಂಥ ಹಳೆಯ ಯಂತ್ರವನ್ನು ಪರೀಕ್ಷಿಸದೆ ನಂಬಬಾರದು. ವೀಡಿಯೋ ನೋಡಲು ಫ್ಲ್ಯಾಶ್ ಪ್ಲೇಯರ್ ಹಾಕಿಕೊಳ್ಳಿರೆಂದು ಯಾವುದಾದರೂ ಪುಟ ಹೇಳಿದರೆ ಒತ್ತಲೇಬೇಡಿರಿ. ಅದು 2020ರ ಡಿಸೆಂಬರ್ 31ಕ್ಕೇ ನಿಂತುಹೋಗಿದೆ. ಈಗ ಆ ಹೆಸರಿನಲ್ಲಿ ಬರುವುದು ಮೋಸವೇ ಸರಿ.

ಇನ್ನು ವೇಗದ ವಿಚಾರ. 360 ಗುಣಮಟ್ಟದ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 0.7 ಮೆಗಾಬಿಟ್ ಸಾಕು, 720ಕ್ಕೆ 2.5 ಬೇಕು. ಮೊದಲನೆಯದರಲ್ಲಿ ಗಂಟೆಗೆ ಸುಮಾರು 315 ಮೆಗಾಬೈಟ್ ಖರ್ಚಾದರೆ, ಎರಡನೆಯದರಲ್ಲಿ ಒಂದು ಗಿಗಾಬೈಟನ್ನು ಮೀರುತ್ತದೆ. ಮೊಬೈಲಿನಿಂದ ಅಂತರ್ಜಾಲ ಪಡೆಯುವವರು ಕಡಿಮೆ ಗುಣಮಟ್ಟವನ್ನೇ ಆರಿಸಿಕೊಳ್ಳುವುದು ಲೇಸು. ಎಲೆಯ ಚುಕ್ಕೆಗಳನ್ನು ತೋರಿಸುವಾಗ ಮಾತ್ರ ಸ್ವಲ್ಪ ಹೊತ್ತು ಹೆಚ್ಚಿಸಿಕೊಳ್ಳಬಹುದು. ನಮ್ಮ ದಪ್ಪ ಮುರಕಲ್ಲಿನ ಗೋಡೆಗಳು ವೈಫೈ ಅಲೆಗಳನ್ನು ಬಹಳವಾಗಿ ತಡೆಯುತ್ತವೆ. ಎರಡು ಕೋಣೆ ದಾಟಿ ಕುಳಿತರೆ ಚಿತ್ರ ನಿಂತು ನಿಂತು ಬರುತ್ತದೆ. ಗಣಕಯಂತ್ರವನ್ನು ರೌಟರಿನ ಬಳಿಗೆ ಒಯ್ಯಿರಿ, ಇಲ್ಲವೇ ಕೇಬಲ್ ಹಾಕಿರಿ. ಮನೆಯ ಇತರರು ಆ ಒಂದು ಗಂಟೆ ತಮ್ಮ ಮೊಬೈಲುಗಳಲ್ಲಿ ಸಿನಿಮಾ ನೋಡದಿದ್ದರೆ ದೊಡ್ಡ ಉಪಕಾರ.

ಕರೆಂಟು ಹೋದಾಗ ಲ್ಯಾಪ್‌ಟಾಪು ಓಡುತ್ತಲೇ ಇರುತ್ತದೆ, ಆದರೆ ರೌಟರು ಆರಿಹೋಗುತ್ತದೆ. ಹಲವರು ಮರೆಯುವುದು ಇದನ್ನೇ. ಇನ್ವರ್ಟರ್ ಇರುವವರು ರೌಟರನ್ನೂ ಅದಕ್ಕೇ ಜೋಡಿಸಬೇಕು. ಆದರೆ ಗುಡುಗು ಹತ್ತಿರವಾದರೆ ಉಪನ್ಯಾಸದ ಆಸೆ ಬಿಟ್ಟು ಎಲ್ಲವನ್ನೂ ಕಳಚಿಡುವುದೇ ಕ್ಷೇಮ.

ಸಹಕಾರಿ ಸಂಘದ ಸಭಾಭವನದಲ್ಲಿ ಹತ್ತಾರು ಮಂದಿ ಕೂಡಿ ನೋಡುವುದಾದರೆ ಚಿತ್ರಕ್ಕಿಂತ ಧ್ವನಿ ಮುಖ್ಯ. ದೊಡ್ಡ ಟಿ.ವಿ.ಗೆ ಜೋಡಿಸಿದಾಗ ಚಿತ್ರ ಅಲ್ಲಿ, ಧ್ವನಿ ಇಲ್ಲಿ ಎಂಬಂತಾಗುವುದುಂಟು. ಧ್ವನಿ ಎಲ್ಲಿಂದ ಹೊರಡಬೇಕೆಂಬುದನ್ನು ಪರದೆಯ ಮೂಲೆಯಲ್ಲಿರುವ ಧ್ವನಿವರ್ಧಕದ ಗುರುತಿನಲ್ಲಿ ಆರಿಸಬೇಕು.

ಪ್ರಶ್ನೆ ಬರೆಯಲು ಗೂಗಲ್ ಖಾತೆಯಿಂದ ಪ್ರವೇಶಿಸಿರಬೇಕು. ಗುಪ್ತಪದ ಮಗನಿಗೆ ಮಾತ್ರ ಗೊತ್ತು, ಮಗ ಬೆಂಗಳೂರಿನಲ್ಲಿ ಎಂಬ ಸ್ಥಿತಿ ಆಗದಿರಲಿ. ಪ್ರಶ್ನೆಯನ್ನು ಮೊದಲೇ ಕಾಗದದಲ್ಲಿ ಬರೆದಿಡಿರಿ: ತೋಟದ ವಯಸ್ಸೆಷ್ಟು, ಚುಕ್ಕೆ ಮೊದಲು ಕಂಡದ್ದು ಯಾವ ತಿಂಗಳು, ಯಾವ ಮದ್ದನ್ನು ಯಾವಾಗ ಬಿಟ್ಟಿರಿ, ಬಿಟ್ಟ ಮೇಲೆ ಮಳೆ ಬಂತೇ. ಇಷ್ಟಿದ್ದರೆ ಅತ್ತ ಕುಳಿತ ವಿಜ್ಞಾನಿಗೆ ಮರುಪ್ರಶ್ನೆ ಹಾಕದೆ ಉತ್ತರ ಹೇಳಲು ಅನುಕೂಲವಾಗುತ್ತದೆ.