ವೈದ್ಯರ ಮುಂದೆಯೂ ಮೌನವ್ರತವೆ?

(ದಶಲಕ್ಷಣ ಪರ್ವಕ್ಕೆ ಮುನ್ನ ಡೊಂಬಿವಲಿಯ ಸಮಾಜ ಬಾಂಧವರ ಸಭೆಯಲ್ಲಿ ಮಾಡಿದ ಭಾಷಣ)



ಭಾದ್ರಪದ ಶುಕ್ಲ ಪಂಚಮಿ ಸಮೀಪಿಸುತ್ತಿದೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಅನೇಕರು ಅನಂತ ಚತುರ್ದಶಿಯವರೆಗೆ ಉಪವಾಸ, ಏಕಾಶನಗಳನ್ನು ಕೈಗೊಳ್ಳುವರು. ಅವರಲ್ಲಿ ಮಧುಮೇಹಿಗಳೂ ಇದ್ದಾರೆ. ಅವರಿಗೆ ನನ್ನದೊಂದೇ ಪ್ರಶ್ನೆ: ನಿಮ್ಮ ವ್ರತದ ಸಂಗತಿ ನಿಮ್ಮ ವೈದ್ಯರಿಗೆ ತಿಳಿದಿದೆಯೆ?

ನನ್ನ ಪರಿಚಯದ ಹಿರಿಯರೊಬ್ಬರು ನಿತ್ಯ ಲೋಕಲ್ ರೈಲಿನಲ್ಲಿ ಮುಂಬಯಿಗೆ ಹೋಗಿಬರುವವರು, ರಾತ್ರಿಭೋಜನ ತ್ಯಜಿಸಿದವರು. ರಾತ್ರಿಯ ಊಟಕ್ಕೆ ಮುನ್ನ ನುಂಗಲು ವೈದ್ಯರು ಗ್ಲಿಮೆಪಿರೈಡ್ ಮಾತ್ರೆ ಬರೆದುಕೊಟ್ಟಿದ್ದರು. ಇವರು ಮನೆ ಸೇರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಊಟ ಬಿಟ್ಟರು, ಮಾತ್ರೆ ಬಿಡಲಿಲ್ಲ. ಹೊಟ್ಟೆಗೆ ಅನ್ನ ಬೀಳದಿದ್ದರೂ ಆ ಮಾತ್ರೆ ಇನ್ಸುಲಿನ್ ಸ್ರವಿಸುವಂತೆ ಮಾಡುತ್ತದೆ. ಒಂದು ರಾತ್ರಿ ಸಕ್ಕರೆ ಕುಸಿದು, ಮೈ ಬೆವತು, ಮಾತು ತೊದಲಿ ನೆಲಕ್ಕುರುಳಿದರು. ಚೇತರಿಸಿಕೊಂಡ ಮೇಲೆ, "ವೈದ್ಯರಿಗೇಕೆ ಹೇಳಲಿಲ್ಲ?" ಎಂದು ಕೇಳಿದೆ. "ಅವರು ಕೇಳಲಿಲ್ಲ. ಹೇಳಿದ್ದರೆ ವ್ರತ ಬಿಡಿ ಎನ್ನುತ್ತಿದ್ದರು" ಎಂದರು.

ಇಲ್ಲಿ ತಪ್ಪು ಎರಡೂ ಕಡೆ ಇದೆ. ಹೊರಗೆ ಸಾಲು ಬೆಳೆದಿರುವಾಗ ವೈದ್ಯರು ಸಕ್ಕರೆಯ ಅಂಕಿ ನೋಡುತ್ತಾರೆಯೇ ಹೊರತು ಊಟದ ಹೊತ್ತನ್ನು ವಿಚಾರಿಸುವುದಿಲ್ಲ. ಮನೆಯಲ್ಲಿ ಕನ್ನಡವಾಡುವ ನಮ್ಮ ವೃದ್ಧರು ಮರಾಠಿಯಲ್ಲಿ ತಡವರಿಸಿ, ತಲೆಯಾಡಿಸಿ ಎದ್ದುಬರುತ್ತಾರೆ. ಜೆಲಟಿನ್ ಪ್ರಾಣಿಜನ್ಯವೆಂದು ಕ್ಯಾಪ್ಸೂಲನ್ನು ಗುಟ್ಟಾಗಿ ಬದಿಗಿಡುವವರೂ ಉಂಟು. ಮದ್ದು ಫಲಿಸಲಿಲ್ಲವೆಂದು ತಿಳಿದ ವೈದ್ಯರು ಇನ್ನೊಂದು ಮದ್ದನ್ನು ಸೇರಿಸುತ್ತಾರೆ. ಬಾಯಿಬಿಟ್ಟು ಹೇಳಿದರೆ ಬದಲಿ ದೊರೆಯಬಹುದಿತ್ತು.

ರಂಜಾನ್ ಉಪವಾಸ ಮಾಡುವ ಮಧುಮೇಹಿಗಳಿಗಾಗಿ ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟವು 2016ರಲ್ಲಿ ಮಾರ್ಗಸೂಚಿ ಹೊರತಂದು, 2021ರಲ್ಲಿ ಪರಿಷ್ಕರಿಸಿತು. ಮುಂಚಿತವಾಗಿ ವೈದ್ಯರನ್ನು ಕಾಣಬೇಕು, ಮದ್ದಿನ ಹೊತ್ತು ಮತ್ತು ಪ್ರಮಾಣ ಹೊಂದಿಸಿಕೊಳ್ಳಬೇಕು, ಸಕ್ಕರೆ 70ಕ್ಕಿಂತ ಇಳಿದರೆ ಉಪವಾಸ ಮುರಿಯಬೇಕು ಎಂದು ಅದು ಹೇಳುತ್ತದೆ. ಈ ವಿವೇಕ ನಮಗೂ ಬೇಡವೆ?

ಇದು ಧರ್ಮಕ್ಕೆ ಹೊರತಾದ ಮಾತಲ್ಲ. ಷೋಡಶ ಭಾವನೆಗಳಲ್ಲಿ ಹೇಳಿರುವುದು ಶಕ್ತಿಗೆ ತಕ್ಕ ತಪಸ್ಸನ್ನು. ಹನ್ನೆರಡು ಬಗೆಯ ತಪಗಳಲ್ಲಿ ಅನಶನ ಒಂದು. ಸ್ವಾಧ್ಯಾಯವೂ ತಪವೆ, ರೋಗಿಯ ಸೇವೆಯಾದ ವೈಯಾವೃತ್ಯವೂ ತಪವೆ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ'ದಲ್ಲಿ ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸೆಯನ್ನು ನಿರೂಪಿಸಿದರು. ವ್ರತವನ್ನೂ ವೈದ್ಯವನ್ನೂ ಒಂದುಗೂಡಿಸಿದ ಪರಂಪರೆ ನಮ್ಮದು.

ಆದರೆ ನಾವು ಮಾಡುತ್ತಿರುವುದೇನು? ಹತ್ತು ದಿನ ಉಪವಾಸವಿದ್ದವರಿಗೆ ವೇದಿಕೆಯಲ್ಲಿ ಶಾಲು ಹೊದಿಸುತ್ತೇವೆ. ವೈದ್ಯರ ಮಾತಿನಂತೆ ಏಕಾಶನಕ್ಕೆ ನಿಂತ ರೋಗಿಯನ್ನು ಹಗುರವಾಗಿ ಕಾಣುತ್ತೇವೆ. ಆ ಹಿರಿಯರ ಬಾಯಿ ಕಟ್ಟಿದ್ದು ವೈದ್ಯರ ಭಯವೊಂದೇ ಅಲ್ಲ, ನಮ್ಮ ಕಣ್ಣೂ ಹೌದು.

ಆದುದರಿಂದ ನನ್ನ ವಿನಂತಿ ಇಷ್ಟು: ಪರ್ವಕ್ಕೆ ಮೊದಲೇ ಊಟದ ಹೊತ್ತು, ವ್ರತದ ನಿಯಮ, ಬಿಟ್ಟ ಮದ್ದು ಈ ಮೂರನ್ನೂ ಚೀಟಿಯಲ್ಲಿ ಬರೆದು ವೈದ್ಯರಿಗೆ ಒಪ್ಪಿಸಿರಿ. ಮರಾಠಿ ಬಲ್ಲ ನಮ್ಮ ತರುಣರು ಹಿರಿಯರ ಜೊತೆಗೆ ಹೋಗಲಿ. ಔಷಧದಾನವೆಂದರೆ ಗುಳಿಗೆ ಕೊಡುವುದಷ್ಟೇ ಅಲ್ಲ. ರೋಗಿಯ ಮಾತನ್ನು ವೈದ್ಯರ ಕಿವಿಗೆ ಮುಟ್ಟಿಸುವುದೂ ಔಷಧದಾನವೆ.

ಜಯ ಜಿನೇಂದ್ರ.