ಬಣ್ಣ ಎಲ್ಲಿಂದ ಬಂತು?

(ಬೆಂಗಳೂರಿನ ನಂದಿನಿ ಲೇಔಟ್‌ನಲ್ಲಿ ಶಿಕ್ಷಕರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



‘ವಿಶ್ವ ಸಂಸ್ಕೃತಿ’ ಎಂದೊಡನೆ ಶಾಲೆಗಳಲ್ಲಿ ಥರ್ಮಾಕೋಲಿನ ಪಿರಮಿಡ್ಡು, ಬಣ್ಣದ ಕಾಗದದ ಬೀಸಣಿಗೆ ಸಿದ್ಧವಾಗುತ್ತವೆ. ಪ್ರದರ್ಶನದ ಮರುದಿನ ಅವು ಕಸದ ಗಾಡಿ ಸೇರುತ್ತವೆ. ಅಂಥ ವಸ್ತುವನ್ನು ಮೊದಲು ಮಾಡಿದವರು ಯಾರು, ಯಾವ ನೆಲದಲ್ಲಿ, ಯಾವುದರಿಂದ ಮಾಡಿದರು ಎಂದು ಯಾರೂ ಕೇಳುವುದಿಲ್ಲ. ಪಾಠ ಆ ಪ್ರಶ್ನೆಯಿಂದಲೇ ಆರಂಭವಾಗಲಿ ಎಂಬುದು ನನ್ನ ಕೋರಿಕೆ.

ನಮ್ಮ ಮಲೆನಾಡಿನ ಸಾಗರ, ಸೊರಬ ಸೀಮೆಯ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನು ನೋಡಿ. ಕೆಮ್ಮಣ್ಣು ಸಾರಿಸಿದ ಗೋಡೆ, ಅರೆದ ಅಕ್ಕಿಯ ಬಿಳುಪು, ಹುರಿದು ಕರಕಾದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಮದುವೆಗೆ ಹಸೆಗೋಡೆಯ ಮೇಲೆ ಮೂಡುವ ಈ ಎಳೆಗಳೇ ಭೂಮಿ ಹುಣ್ಣಿಮೆಯಂದು ಬುಟ್ಟಿಯ ಮೇಲೂ ಮೂಡುತ್ತವೆ. ತುಂಬು ಬಸುರಿಯಂತಿರುವ ಗದ್ದೆಗೆ ಆ ಬುಟ್ಟಿಯಲ್ಲಿಯೇ ಬಯಕೆಯ ಊಟ ಹೋಗುತ್ತದೆ. ಗದ್ದೆಯೂ ಪುಂಡಿಯೂ ಇಲ್ಲವಾದರೆ ಚಿತ್ತಾರ ಬರಿಯ ಅಚ್ಚಿನ ಚಿತ್ರವಾಗುತ್ತದೆ.

ದಕ್ಷಿಣ ಆಫ್ರಿಕದ ಎಂಡೆಬೆಲೆ ಹೆಂಗಸರೂ ಮನೆಯ ಗೋಡೆಗೆ ಚಿತ್ರ ಬರೆಯುತ್ತಾರೆ. 1935ರಲ್ಲಿ ಜನಿಸಿದ ಎಸ್ತರ್ ಮಹ್ಲಾಂಗು 10ನೆಯ ವಯಸ್ಸಿನಲ್ಲಿ ತಾಯಿ ಮತ್ತು ಅಜ್ಜಿಯಿಂದ ಇದನ್ನು ಕಲಿತರು. ಅವರ ಕುಂಚ ಕೋಳಿಯ ಗರಿ. 1991ರಲ್ಲಿ ಬಿಎಂಡಬ್ಲ್ಯು ಕಾರಿನ ಮೇಲೂ ಇದೇ ವಿನ್ಯಾಸ ಬರೆದ ಅವರು, ತಮ್ಮ ಮನೆಯಂಗಳದಲ್ಲಿ ಮಕ್ಕಳಿಗೂ ಕಲಿಸಿದರು. 1883ರಲ್ಲಿ ಯುದ್ಧದಲ್ಲಿ ಸೋತ ಆ ಜನ ನೆಲ ಕಳೆದುಕೊಂಡು ಬಿಳಿಯರ ಹೊಲಗಳಲ್ಲಿ ಜೀತಕ್ಕೆ ಚದುರಿದವರು. ಮುಂದೆ ಅವರ ಗುರುತನ್ನು ಗೋಡೆಯ ಚಿತ್ರಗಳು ಕಾಯ್ದವು.

ನೆಲ ಕಳೆದುಕೊಂಡವರ ಕಥೆ ನಮಗೂ ಹೊಸದಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ದೀವರೂ ಸೇರಿದಂತೆ ಅನೇಕರು ಮನೆ ಗದ್ದೆ ಬಿಟ್ಟು ಹೊರಟರು. ಆ ನೀರಿನಿಂದ ನಾಡಿಗೆ ಬೆಳಕು ಬಂತು. 2019ರಲ್ಲಿ ಅದೇ ಶರಾವತಿಯನ್ನು ಬೆಂಗಳೂರಿಗೆ ಹರಿಸುವ ಮಾತು ಬಂದಾಗ ಮಲೆನಾಡು ಪ್ರತಿಭಟಿಸಿತು. ಅದು ಏಕೆಂಬುದನ್ನು ನಗರದ ಮಗುವೂ ತಿಳಿಯಬೇಡವೇ?

ಕೆಲಸ ಕಷ್ಟದ್ದಲ್ಲ. ನಿಮ್ಮ ಬೀದಿಯಲ್ಲಿ ಪಾಯ ತೋಡಿದಾಗ ಬರುವ ಕೆಮ್ಮಣ್ಣನ್ನು ಮಕ್ಕಳೇ ಸೋಸಿ ಹಳೆಯ ರಟ್ಟಿಗೆ ಬಳಿಯಲಿ. ಅಕ್ಕಿ ಅರೆಯಲಿ, ಇದ್ದಿಲು ಕುಟ್ಟಲಿ. ನಾರಿನ ಕುಂಚದಿಂದ ಒಂದೆಡೆ ಚಿತ್ತಾರದ ಎಳೆ, ಉದುರಿದ ಗರಿಯಿಂದ ಇನ್ನೊಂದೆಡೆ ಎಂಡೆಬೆಲೆಯ ವಿನ್ಯಾಸ ಬರೆಯಲಿ. ಪ್ರತಿ ಬಣ್ಣದ ಪಕ್ಕದಲ್ಲಿ ಅದು ಬಂದ ಜಾಗವನ್ನೂ, ಸಿಗದೆ ಹೋದುದು ಏಕೆ ಸಿಗಲಿಲ್ಲ ಎಂಬುದನ್ನೂ ಬರೆದಿಡಲಿ. ಗೆರೆ ಸೊಟ್ಟಗಾದರೆ ಅಂಕ ಕಳೆಯಬೇಡಿ.

ಬರುವ ಭೂಮಿ ಹುಣ್ಣಿಮೆಗೆ ಮಕ್ಕಳೊಡನೆ ನಮ್ಮ ಕಡೆ ಬನ್ನಿ. ಬುಟ್ಟಿಗೆ ಬರೆಯುವ ಅಜ್ಜಿಯರ ಬಳಿ ಕುಳಿತು ಕಲಿಯಬಹುದು.